ಕಿವಿಯೊಳಗಿನ ಪುಟ್ಟ ಕಾವಲುಗಾರರು

ಹೋದ ಸಲ ಆಕಳಿಕೆ ಬಗ್ಗೆ ಬರೆದಿದ್ದೆನಲ್ಲ, ಅದಕ್ಕೆ ಬಂದ ಪ್ರತಿಕ್ರಿಯೆಗಳಲ್ಲಿ ಅರ್ಧಕ್ಕರ್ಧ "ಓದ್ತಾ ಓದ್ತಾ ನಾಲ್ಕು ಸಲ ಆಕಳಿಸಿದೆ" ಅನ್ನೋವೇ. ಒಬ್ಬರು ಮಾತ್ರ ಒಳ್ಳೇ ಪ್ರಶ್ನೆ ಕೇಳಿದ್ರು: "ಜೋರಾಗಿ ಆಕಳಿಸುವಾಗ ಕಿವಿಯೊಳಗೆ ಗುರ್ರ್ ಅಂತ ದೂರದ ಗುಡುಗಿನ ಥರ ಸದ್ದು ಬರುತ್ತೆ. ಆ ಒಂದೆರಡು ಕ್ಷಣ ಹೊರಗಿನ ಮಾತು ಮಂಕಾಗುತ್ತೆ. ಇದು ನನಗೊಬ್ಬನಿಗೇನಾ?"

ಅಲ್ಲ, ಮಾರಾಯ್ರೆ. ಬಹುತೇಕ ಎಲ್ಲರಿಗೂ ಆಗೋದೇ. ಗಮನಿಸುವವರು ಕಡಿಮೆ ಅಷ್ಟೆ. ಆ ಗುಡುಗು ಒಂದು ಸ್ನಾಯುವಿನದು. ಕಿವಿಯೊಳಗೆ ಸ್ನಾಯು ಇದೆ ಅನ್ನೋದೇ ಎಷ್ಟೋ ಜನಕ್ಕೆ ಹೊಸ ಸುದ್ದಿ.

ಕಿವಿ ಅಂದ ತಕ್ಷಣ ನಮ್ಮ ತಲೆಗೆ ಬರೋದು ಒಂದು ತೂತು. ಕಣ್ಣಿಗೆ ರೆಪ್ಪೆ ಇದೆ, ಬಾಯಿಗೆ ತುಟಿ ಇದೆ, ಕಿವಿಗೆ ಮಾತ್ರ ಬಾಗಿಲೇ ಇಲ್ಲ. ಹೊರಗಿನದ್ದೆಲ್ಲ ಸೀದಾ ಒಳಗೆ. ನಾವು ನಿದ್ದೆ ಮಾಡ್ತಿದ್ರೂ ಅದು ತೆರೆದೇ ಇರುತ್ತೆ. ಆದರೆ ಬಾಗಿಲಿಲ್ಲ ಅಂದಮಾತ್ರಕ್ಕೆ ಕಾವಲಿಲ್ಲ ಅಂತಲ್ಲ. ಪ್ರತಿ ಕಿವಿಯ ಒಳಗೂ ಇಬ್ಬರು ಕಾವಲುಗಾರರಿದ್ದಾರೆ. ಹೊರಗೆ, ಕಿವಿಯ ಸುತ್ತ, ಇನ್ನೊಂದಷ್ಟು ಮಂದಿ ಇದ್ದಾರೆ. ಅವರು ರಿಟೈರ್ ಆಗಿ ಬಹಳ ಕಾಲವಾಯ್ತು ಅಂತ ಮೊನ್ನೆ ಮೊನ್ನೆಯವರೆಗೂ ಎಲ್ಲರೂ ನಂಬಿದ್ರು. ಅವರ ಕತೆಗೆ ಆಮೇಲೆ ಬರ್ತೀನಿ.

ಮೊದಲು ಒಳಗೆ ಹೋಗೋಣ. ಹೈಸ್ಕೂಲಿನಲ್ಲಿ ಓದಿದ್ದು ನೆನಪು ಮಾಡ್ಕೊಳ್ಳಿ. ಕಿವಿಯ ಕೊಳವೆಯ ಕೊನೆಗೆ ತಮಟೆ. ಅದರ ಹಿಂದೆ ಗಾಳಿ ತುಂಬಿದ ಪುಟ್ಟ ಕೋಣೆ, ಅದೇ ನಡುಗಿವಿ. ಆ ಕೋಣೆಯಲ್ಲಿ ಸಾಲಾಗಿ ಮೂರು ಮೂಳೆಗಳು: ಸುತ್ತಿಗೆ, ಅಡಿಗಲ್ಲು, ರಿಕಾಪು. ತಮಟೆ ಅದುರಿದರೆ ಸುತ್ತಿಗೆ ಅಲ್ಲಾಡುತ್ತೆ, ಅದು ಅಡಿಗಲ್ಲನ್ನು, ಅಡಿಗಲ್ಲು ರಿಕಾಪನ್ನು. ರಿಕಾಪಿನ ತಳ ಒಳಗಿವಿಯ ಕಿಟಕಿಯನ್ನು ತಳ್ಳುತ್ತೆ. ಅಲ್ಲಿಂದ ಮುಂದೆ ದ್ರವ, ಕೂದಲಿನಂಥ ಸೂಕ್ಷ್ಮ ಕೋಶಗಳು, ನರ, ಮಿದುಳು. ರಿಕಾಪು ನಮ್ಮ ದೇಹದ ಅತಿ ಚಿಕ್ಕ ಮೂಳೆ. ಎತ್ತರ ಸುಮಾರು 3 ಮಿಲಿಮೀಟರ್, ಅರ್ಧ ಅಕ್ಕಿಕಾಳು ಅನ್ನಿ.

ಪರೀಕ್ಷೆಗೆ ಇಷ್ಟು ಬರೆದರೆ ನಮಗೆ ಪೂರ್ತಿ ಅಂಕ ಸಿಗ್ತಿತ್ತು. ಈ ಮೂಳೆಗಳಿಗೆ ಕಟ್ಟಿರೋ ಎರಡು ಹಗ್ಗಗಳ ಬಗ್ಗೆ ಮೇಷ್ಟ್ರು ಹೇಳಿದ್ದು ನನಗಂತೂ ನೆನಪಿಲ್ಲ.

ಒಂದು ಹಗ್ಗ ಸುತ್ತಿಗೆಯ ಹಿಡಿಕೆಗೆ ಕಟ್ಟಿದೆ. ಹೆಸರು ಟೆನ್ಸರ್ ಟಿಂಪನಿ. ಇದು ಎಳೆದರೆ ಸುತ್ತಿಗೆ ಒಳಕ್ಕೆ ಬರುತ್ತೆ, ತಮಟೆ ಬಿಗಿಯಾಗುತ್ತೆ. ಇನ್ನೊಂದು ರಿಕಾಪಿನ ಕತ್ತಿಗೆ ಕಟ್ಟಿದೆ. ಹೆಸರು ಸ್ಟೇಪಿಡಿಯಸ್. ಇದು ಎಳೆದರೆ ರಿಕಾಪು ಸ್ವಲ್ಪ ಓರೆಯಾಗಿ ಗಟ್ಟಿಯಾಗಿ ನಿಲ್ಲುತ್ತೆ, ಸದ್ದನ್ನು ಮೊದಲಿನಷ್ಟು ಸಲೀಸಾಗಿ ಒಳಕ್ಕೆ ದಾಟಿಸಲ್ಲ. ದೇಹದ ಅತಿ ಚಿಕ್ಕ ಮೂಳೆಗೆ ದೇಹದ ಅತಿ ಚಿಕ್ಕ ಸ್ನಾಯು.

ನಮ್ಮ ಓದುಗರ ಗುಡುಗು ಮೊದಲನೆಯವನದು, ಟೆನ್ಸರ್ ಟಿಂಪನಿಯದು. ಯಾವ ಸ್ನಾಯುವೂ ಬಿಗಿಯಾದಾಗ ಕಲ್ಲಿನಂತೆ ಸುಮ್ಮನೆ ನಿಲ್ಲಲ್ಲ. ಅದರ ಎಳೆಗಳು ಒಂದಾದ ಮೇಲೊಂದು ಮಿಡಿಯುತ್ತಾ ಸಣ್ಣಗೆ ನಡುಗುತ್ತಿರುತ್ತವೆ. ಬೇಕಾದರೆ ಈಗಲೇ ಪರೀಕ್ಷೆ ಮಾಡಿ. ಫೋನ್ ಕೆಳಗಿಟ್ಟು, ಎರಡೂ ಹೆಬ್ಬೆರಳಿನ ತುದಿಯಿಂದ ಕಿವಿ ಮುಚ್ಚಿಕೊಂಡು, ಮೊಣಕೈ ಎತ್ತಿ ಮುಷ್ಟಿ ಬಿಗಿ ಮಾಡಿ. ದೂರದಲ್ಲಿ ಲಾರಿ ಹೋದ ಹಾಗೆ ಒಂದು ಗುಂಯ್‌ಗುಟ್ಟುವಿಕೆ ಕೇಳುತ್ತಲ್ಲ? ಅದು ನಿಮ್ಮ ಕೈಯ ಸ್ನಾಯುಗಳ ಸದ್ದು. ಸೆಕೆಂಡಿಗೆ ಇಪ್ಪತ್ತು ಇಪ್ಪತ್ತೈದು ಸಲದ ನಡುಕ. ಕೈಯಲ್ಲಿರೋ ಸ್ನಾಯುವೇ ಇಷ್ಟು ಸದ್ದು ಮಾಡಿದ್ರೆ, ತಮಟೆಗೇ ಕಟ್ಟಿರೋ ಸ್ನಾಯು ಬಿಗಿಯಾದಾಗ ಗುಡುಗು ಕೇಳದೆ ಇರುತ್ತಾ?

ಕೆಲವರು ಈ ಸ್ನಾಯುವನ್ನು ಬೇಕೆಂದಾಗ ಬಿಗಿ ಮಾಡಬಲ್ಲರು. ಆಕಳಿಸದೆ, ಬಾಯಿ ಅಲ್ಲಾಡಿಸದೆ, ಸುಮ್ಮನೆ ಕೂತಲ್ಲೇ ಗುರ್ರ್ ಅನ್ನಿಸ್ತಾರೆ. ಎಲ್ಲರಿಗೂ ಇದು ಬರುತ್ತೆ ಅಂದ್ಕೊಂಡೇ ಅವರು ಬೆಳೆದಿರ್ತಾರೆ, ಬರದವರು ಇಂಥದ್ದೊಂದು ಇದೆ ಅಂತಾನೇ ಗೊತ್ತಿಲ್ಲದೆ ಬೆಳೆದಿರ್ತಾರೆ. ನಿಮ್ಮ ಟೀಮಿನಲ್ಲಿ ಕೇಳಿ ನೋಡಿ, ಒಬ್ಬರಾದ್ರೂ ಸಿಗಬಹುದು. ಮೀಟಿಂಗಿನಲ್ಲಿ ಅವರ ಮುಖ ಶಾಂತವಾಗಿದ್ದರೆ ಸ್ವಲ್ಪ ಅನುಮಾನ ಇಟ್ಕೊಳ್ಳಿ.

ಆಕಳಿಕೆಗೂ ಕಿವಿಯ ಸ್ನಾಯುವಿಗೂ ಏನು ಸಂಬಂಧ ಅಂತೀರಾ? ಬಹಳ ಹಳೆಯ ಸಂಬಂಧ. ನಮ್ಮ ಸುತ್ತಿಗೆ ಮತ್ತು ಅಡಿಗಲ್ಲು ಮೂಳೆಗಳು ಮೂಲದಲ್ಲಿ ಕಿವಿಯವೇ ಅಲ್ಲ, ದವಡೆಯವು. ಹಲ್ಲಿ, ಮೊಸಳೆಗಳಲ್ಲಿ ಮೇಲ್ದವಡೆ ಕೆಳದವಡೆ ಸೇರೋ ಕೀಲಿನಲ್ಲಿ ಯಾವ ಎರಡು ಮೂಳೆಗಳಿವೆಯೋ, ಅವೇ ನಮ್ಮಂಥ ಸಸ್ತನಿಗಳ ವಂಶದಲ್ಲಿ ಕುಗ್ಗುತ್ತಾ ಹಿಂದಕ್ಕೆ ಸರಿದು ಕಿವಿಯೊಳಗೆ ಸೇರಿಕೊಂಡವು. ಜರ್ಮನಿಯ ಕಾರ್ಲ್ ರೈಕರ್ಟ್ 1837ರಲ್ಲೇ ಭ್ರೂಣಗಳ ಬೆಳವಣಿಗೆ ನೋಡಿ ಈ ನಂಟನ್ನು ಗುರುತಿಸಿದ್ದ. ಮೂಳೆ ಮನೆ ಬದಲಾಯಿಸಿದ್ರೂ ಕರೆಂಟ್ ಕನೆಕ್ಷನ್ ಹಳೆಯದೇ ಉಳೀತು. ಟೆನ್ಸರ್ ಟಿಂಪನಿಗೆ ಆಜ್ಞೆ ಬರೋದು ಇವತ್ತಿಗೂ ಅಗಿಯೋ ಸ್ನಾಯುಗಳ ನರದಿಂದಲೇ. ಹಾಗಾಗಿ ದವಡೆ ಪೂರ್ತಿ ತೆರೆದರೆ ಕಿವಿಯೊಳಗೂ ಹಗ್ಗ ಬಿಗಿಯಾಗುತ್ತೆ. ನಿಪ್ಪಟ್ಟು ಕಡಿಯುವಾಗಲೂ ಅಷ್ಟೆ. ತಲೆಬುರುಡೆಯೊಳಗೇ ಅಷ್ಟು ದೊಡ್ಡ ಕಟಕಟ ನಡೀತಿದ್ರೂ ನಾವು ಆರಾಮಾಗಿ ಸೀರಿಯಲ್ ನೋಡ್ತೀವಲ್ಲ, ಅದರಲ್ಲಿ ಈ ಸ್ನಾಯುವಿನ ಪಾಲೂ ಇದೆ.

ಅದೇ ನರದ ಕೈಕೆಳಗೆ ಇನ್ನೊಬ್ಬನಿದ್ದಾನೆ. ಅಂಗುಳಿನ ಪಕ್ಕದ ಸ್ನಾಯು. ಕಿವಿಯಿಂದ ಮೂಗಿನ ಹಿಂಭಾಗಕ್ಕೆ ಹೋಗುವ ಯೂಸ್ಟೇಷಿಯನ್ ನಾಳವನ್ನು ಎಳೆದು ತೆರೆಯೋದು ಇವನ ಕೆಲಸ. ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯುವಾಗ ಕಿವಿ ಕಟ್ಟಿಕೊಳ್ಳುತ್ತಲ್ಲ, ಆಗ ಎಂಜಲು ನುಂಗಿದರೆ 'ಟಪ್' ಅಂತ ತೆರೆಯೋದು ಇವನಿಂದಲೇ. ಹತ್ತುವಾಗ ಒಳಗಿನ ಗಾಳಿ ತಾನಾಗಿ ಹೊರಗೆ ನುಸುಳಿಕೊಳ್ಳುತ್ತೆ, ಇಳಿಯುವಾಗ ಮಾತ್ರ ಯಾರಾದ್ರೂ ಬಾಗಿಲು ತೆಗೀಬೇಕು. ವಿಮಾನ ಇಳಿಯುವಾಗ ಕೈಗೂಸುಗಳು ಕಿರುಚೋದಕ್ಕೂ ಇದೊಂದು ಕಾರಣ. ಆಗ ಹಾಲು ಕುಡಿಸಿದ್ರೆ ನುಂಗೋ ನೆಪದಲ್ಲಿ ಬಾಗಿಲು ತೆರೆಯುತ್ತೆ. ಇದನ್ನು ಇಷ್ಟಕ್ಕೆ ಬಿಡ್ತೀನಿ, ಯಾಕಂದ್ರೆ ನಾನು ಹೇಳಬೇಕಿರೋದು ಎರಡನೆಯವನ ಬಗ್ಗೆ.

ಸ್ಟೇಪಿಡಿಯಸ್. ಹೊರಗಿನ ದೊಡ್ಡ ಸದ್ದಿಗೆ ನಿಜವಾಗಿ ಎದ್ದು ನಿಲ್ಲೋ ಕಾವಲುಗಾರ ಇವನು. ಸದ್ದು ಸುಮಾರು 70ರಿಂದ 100 ಡೆಸಿಬಲ್‌ನ ನಡುವೆ ಎಲ್ಲೋ ಒಂದು ಗಡಿ ದಾಟಿದ ಕೂಡಲೇ ರಿಕಾಪನ್ನು ಎಳೆದು ಹಿಡೀತಾನೆ. ಮಜಾ ಏನಂದ್ರೆ ಸದ್ದು ಬಲಗಿವಿಗೆ ಮಾತ್ರ ಬಿದ್ದರೂ ಎರಡೂ ಕಿವಿಯ ಕಾವಲುಗಾರರು ಒಟ್ಟಿಗೇ ಏಳ್ತಾರೆ. ಸುದ್ದಿ ಮಿದುಳುಕಾಂಡದವರೆಗೆ ಹೋಗಿ, ಅಲ್ಲಿಂದ ಎರಡೂ ಕಡೆಗೆ ಆಜ್ಞೆ ಬರುತ್ತೆ. ನಮ್ಮನ್ನು ಯಾರೂ ಕೇಳೋದೂ ಇಲ್ಲ, ನಮಗೆ ಗೊತ್ತಾಗೋದೂ ಇಲ್ಲ.

ಇನ್ನೂ ಜಾಣತನದ ಕೆಲಸ ಒಂದಿದೆ. ನಾವು ಬಾಯಿ ತೆರೆದು ಮಾತಾಡೋಕೆ ಮುಂಚೆಯೇ, ಗಂಟಲಿನಿಂದ ಸದ್ದು ಹೊರಡುವ ಮುನ್ನವೇ, ಸ್ಟೇಪಿಡಿಯಸ್ ಬಿಗಿಯಾಗಲು ಶುರುವಾಗುತ್ತೆ. ನಮ್ಮ ದನಿ ನಮ್ಮದೇ ಕಿವಿಗೆ ತೀರಾ ಹತ್ತಿರ. ಅದು ಕಿವಿಯನ್ನು ತುಂಬಿಬಿಟ್ಟರೆ ಎದುರಿನವರ ಮಾತು ಕೇಳೋದು ಹೇಗೆ? ಬಾವಲಿಗಳೂ ಇದನ್ನೇ ಮಾಡ್ತವೆ. ಕತ್ತಲಲ್ಲಿ ದಾರಿ ಹುಡುಕಲು ಅವು ಹೊರಡಿಸುವ ಕೂಗು ಭಯಂಕರ ಜೋರು, ಮರಳಿ ಬರೋ ಪ್ರತಿಧ್ವನಿ ಬಹಳ ಮೆಲು. ಕೂಗುವ ಕ್ಷಣದ ಮೊದಲು ನಡುಗಿವಿಯ ಸ್ನಾಯು ಬಿಗಿ, ಕೂಗಿದ ಮೇಲೆ ಸಡಿಲ. ಹೀಗೆ ಕೂಗಿ ಕೂಗಿಗೂ.

ಸ್ಟೇಪಿಡಿಯಸ್ ಎಲ್ಲ ಸದ್ದನ್ನೂ ಒಂದೇ ಸಮ ತಗ್ಗಿಸಲ್ಲ. ಅವನು ತಡೆಯೋದು ಹೆಚ್ಚಾಗಿ ಕೆಳಸ್ಥಾಯಿಯ ಸದ್ದನ್ನು: ಬಸ್ಸಿನ ಎಂಜಿನ್, ಮಿಕ್ಸಿಯ ಗೊರಗೊರ, ಗುಂಪಿನ ಗೌಜು. ಮಾತಿನ ಸ್ಪಷ್ಟತೆ ಇರೋದು ಮೇಲಿನ ಸ್ಥಾಯಿಯಲ್ಲಿ. 'ಸ', 'ಶ', 'ಚ', 'ತ'ಗಳಂಥ ವ್ಯಂಜನಗಳಲ್ಲಿ. ಕೆಳಗಿನ ಗೌಜು ತಗ್ಗಿದರೆ ಮೇಲಿನ ಮಾತು ಎದ್ದು ಕೇಳುತ್ತೆ. ಮದುವೆಮನೆಯಲ್ಲಿ ವಾಲಗ ಜೋರಾಗಿರುವಾಗಲೂ ಪಕ್ಕದವರು ಹೇಳೋ ಗುಟ್ಟು ನಮಗೆ ತಿಳಿಯುತ್ತಲ್ಲ, ಅದರಲ್ಲಿ ದೊಡ್ಡ ಪಾಲು ಮಿದುಳಿನದು, ಒಂದು ಸಣ್ಣ ಪಾಲು ಇವನದು.

ಇವನನ್ನು ನಾನು ಪರಿಚಯ ಮಾಡ್ಕೊಂಡಿದ್ದು ಪುಸ್ತಕದಿಂದಲ್ಲ, ಅಮ್ಮನಿಂದ.

ಮೂರು ವರ್ಷದ ಹಿಂದೆ ಒಂದು ಬೆಳಗ್ಗೆ ಅಮ್ಮ ಬಾಯಿ ಮುಕ್ಕಳಿಸಿದಾಗ ನೀರು ಎಡತುಟಿಯ ಅಂಚಿನಿಂದ ಸೋರಿತು. ಕನ್ನಡಿ ನೋಡಿದ್ರೆ ಮುಖ ಒಂದು ಕಡೆ ಜಾರಿದೆ. ಎಡಗಣ್ಣು ಮುಚ್ಚೋಕೆ ಆಗ್ತಿಲ್ಲ. ಪಕ್ಕದ ಮನೆಯವರು "ಲಕ್ವ ಹೊಡೆದಿದೆ" ಅಂದ್ರು, ಇನ್ನೊಬ್ಬರು "ಬಸ್ಸಿನ ಕಿಟಕಿ ಗಾಳಿ ಬಡಿದಿರಬೇಕು" ಅಂದ್ರು. ನಾನು ಆಟೋ ಕರೆದೆ. ಮುಖ ಜಾರಿದಾಗ ಅದು ಪಾರ್ಶ್ವವಾಯುವೋ ಅಲ್ಲವೋ ಅಂತ ಮನೆಯಲ್ಲಿ ಕೂತು ತೀರ್ಮಾನ ಮಾಡೋ ವಿಷಯವಲ್ಲ, ಮೊದಲು ಆಸ್ಪತ್ರೆ.

ಅಲ್ಲಿ ಡಾಕ್ಟರು ಮೊದಲು ಹುಬ್ಬು ಮೇಲಕ್ಕೆತ್ತೋಕೆ ಹೇಳಿದ್ರು. ಬಲಗಡೆ ಹಣೆಯಲ್ಲಿ ನೆರಿಗೆ ಮೂಡಿತು, ಎಡಗಡೆ ನುಣ್ಣಗೆ. ಕೈಕಾಲು, ಮಾತು ಎಲ್ಲ ಪರೀಕ್ಷೆ ಮಾಡಿದ್ರು, ಸರಿ ಇತ್ತು. ಆಮೇಲೆ ಯಾರೂ ನಿರೀಕ್ಷೆ ಮಾಡದ ಒಂದು ಪ್ರಶ್ನೆ: "ಅಮ್ಮ, ಎಡಗಿವೀಲಿ ಸದ್ದು ಏನಾದ್ರೂ ಜಾಸ್ತಿ ಕೇಳ್ತಿದ್ಯಾ?"

ಅಮ್ಮನಿಗೆ ಆಶ್ಚರ್ಯ. ಹಿಂದಿನ ದಿನದಿಂದ ಮಿಕ್ಸಿ ಹಾಕಿದ್ರೆ ತಲೆಯೊಳಗೇ ರುಬ್ಬಿದ ಹಾಗೆ ಆಗ್ತಿತ್ತಂತೆ. ಬಾಗಿಲು ಹಾಕಿದ ಸದ್ದಿಗೆ ಬೆಚ್ಚಿಬೀಳ್ತಿದ್ದರಂತೆ. ತಾನೇ ಮಾತಾಡಿದ್ರೂ ಎಡಗಿವಿಯಲ್ಲಿ ಮೈಕ್ ಹಿಡಿದ ಹಾಗೆ. "ವಯಸ್ಸಾಯ್ತು, ಸಿಡುಕು ಜಾಸ್ತಿ ಆಗಿದೆ ಅಂದ್ಕೊಂಡೆ" ಅಂದ್ರು. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಅದು ಬೆಲ್ಸ್ ಪಾಲ್ಸಿ. 19ನೇ ಶತಮಾನದಲ್ಲಿ ಮುಖದ ನರಗಳ ಬಗ್ಗೆ ಬರೆದ ಸ್ಕಾಟ್ಲೆಂಡಿನ ವೈದ್ಯ ಚಾರ್ಲ್ಸ್ ಬೆಲ್‌ನ ಹೆಸರು. ಮುಖದ ಅರ್ಧ ಭಾಗಕ್ಕೆ ಆಜ್ಞೆ ಒಯ್ಯೋ ನರ, ಅದನ್ನು ಏಳನೇ ನರ ಅಂತಾರೆ, ಕಿವಿಯ ಹಿಂದಿನ ಮೂಳೆಯೊಳಗೆ ಒಂದು ಇಕ್ಕಟ್ಟಾದ ಸುರಂಗದಲ್ಲಿ ಹಾದು ಬರುತ್ತೆ. ನರ ಊದಿಕೊಂಡರೆ ಅಲ್ಲಿ ಜಾಗವಿಲ್ಲ. ತಾನೇ ತನ್ನನ್ನು ಹಿಸುಕಿಕೊಂಡ ಹಾಗಾಗುತ್ತೆ. ಆ ಸುರಂಗದಲ್ಲಿ ಬರುವಾಗಲೇ ನರದಿಂದ ಒಂದು ಎಳೆ ಕವಲೊಡೆದು ಸ್ಟೇಪಿಡಿಯಸ್‌ಗೆ ಹೋಗುತ್ತೆ. ಅದಕ್ಕಿಂತ ಮೇಲೆ ನರ ಹಿಸುಕಿದ್ದರೆ ಮುಖದ ಜೊತೆ ಈ ಪುಟ್ಟ ಕಾವಲುಗಾರನೂ ಮಲಗಿಬಿಡ್ತಾನೆ. ಆಗ ಎಡಗಿವಿಗೆ ತಡೆಯೇ ಇಲ್ಲ. ಡಾಕ್ಟರ ಪ್ರಶ್ನೆ ಕುಶಲೋಪರಿಯಲ್ಲ, ನರಕ್ಕೆ ಎಲ್ಲಿ ಪೆಟ್ಟಾಗಿದೆ ಅಂತ ಹುಡುಕೋ ವಿಳಾಸ.

ಇನ್ನೊಂದು ಎಳೆ ತಮಟೆಯ ಹಿಂದೆ, ಸುತ್ತಿಗೆ ಮತ್ತು ಅಡಿಗಲ್ಲಿನ ನಡುವೆ ತೂರಿಕೊಂಡು ನಾಲಿಗೆಗೆ ಹೋಗುತ್ತೆ, ರುಚಿಯ ಸುದ್ದಿ ತರೋದು ಅದು. ಆ ವಾರ ಅಮ್ಮ ಮಾಡಿದ ಸಾರಿಗೆ ಉಪ್ಪು ಜಾಸ್ತಿಯಾಗಿದ್ದರ ರಹಸ್ಯ ಅದೇ. ನಾವು ಸುಮ್ಮನೆ ಊಟ ಮಾಡಿದ್ವಿ.

ಸ್ಟೀರಾಯ್ಡ್ ಮಾತ್ರೆ ಕೊಟ್ಟರು. ಬೆಲ್ಸ್ ಪಾಲ್ಸಿಯಲ್ಲಿ ಇದನ್ನು ಮೊದಲ 72 ಗಂಟೆಯೊಳಗೆ ಶುರು ಮಾಡಿದರೆ ಹೆಚ್ಚು ಪ್ರಯೋಜನ, "ನಾಳೆ ನೋಡೋಣ" ಅನ್ನಬಾರದ ಇನ್ನೊಂದು ಕಾರಣ ಅದು. ಕಣ್ಣು ಒಣಗದ ಹಾಗೆ ಹನಿ, ರಾತ್ರಿ ಮಲಗುವಾಗ ರೆಪ್ಪೆ ಮುಚ್ಚಿ ಟೇಪ್. ಹೆಚ್ಚಿನವರಿಗೆ ಕೆಲವು ವಾರ, ಕೆಲವು ತಿಂಗಳಲ್ಲಿ ಗುಣವಾಗುತ್ತೆ ಅಂತ ಧೈರ್ಯ ಹೇಳಿದ್ರು. ಆ ವಾರಗಳಲ್ಲಿ ನಮ್ಮ ಮನೆಯಲ್ಲಿ ಚಟ್ನಿ ಒರಳಿನಲ್ಲಿ. ಟೀವಿ ಮೆಲ್ಲಗೆ. ಅಪ್ಪ ಫೋನಿನಲ್ಲಿ ಮಾತಾಡೋದೇ ಕೂಗಿಕೊಂಡು, ಅವರು ಟೆರೇಸಿಗೆ ವರ್ಗವಾದ್ರು.

ಮುಖ ಇನ್ನೂ ಸರಿಯಾಗಿರಲಿಲ್ಲ, ಮೂರನೇ ವಾರ ಒಂದು ದಿನ ಅಮ್ಮ ಮಿಕ್ಸಿ ತಿರುಗಿಸಿ ನಿಂತು ಕೇಳಿಸ್ಕೊಂಡು "ಈಗ ಮೊದಲಿನ ಹಾಗಿದೆ" ಅಂದ್ರು. ಅಮ್ಮನಿಗೆ ಮೊದಲು ವಾಪಸ್ ಬಂದಿದ್ದು ಕಿವಿ, ನಗು ಆಮೇಲೆ. ಕಿವಿಯ ಎಳೆ ಸುರಂಗದೊಳಗೇ ಮೊದಲು ಕವಲೊಡೆಯುತ್ತೆ, ಮುಖದ ದಾರಿ ಉದ್ದ. ಡಾಕ್ಟರಿಗೆ ಹೇಳಿದಾಗ ಅವರೂ ಖುಷಿಪಟ್ಟರು.

ಅಮ್ಮನ ಬಾಯಿಮಾತಿನಿಂದ ತಿಳಿದ ಈ ವಿಷಯವನ್ನು ಯಂತ್ರದಿಂದ ಅಳೆಯಲೂ ಬರುತ್ತೆ. ಡೆನ್ಮಾರ್ಕಿನ ಒಟ್ಟೋ ಮೆಟ್ಜ್ 1946ರಲ್ಲಿ ದಾರಿ ಹಾಕಿಕೊಟ್ಟ ಪರೀಕ್ಷೆ ಅದು. ಕಿವಿಗೆ ರಬ್ಬರ್ ತುದಿಯ ಒಂದು ಕಡ್ಡಿ ಇಟ್ಟು ಮೆಲ್ಲಗೆ ಒಂದು ಸ್ವರ ಬಿಡ್ತಾರೆ, ಅದರಲ್ಲಿ ಎಷ್ಟು ತಮಟೆಗೆ ಬಡಿದು ವಾಪಸ್ ಬರುತ್ತೆ ಅಂತ ನೋಡ್ತಾರೆ. ಜೊತೆಗೆ ಒಂದು ದೊಡ್ಡ ಸದ್ದು. ಸ್ಟೇಪಿಡಿಯಸ್ ಬಿಗಿಯಾದರೆ ಮೂಳೆಗಳ ಸರಪಳಿ ಗಟ್ಟಿಯಾಗಿ ವಾಪಸ್ ಬರೋ ಸದ್ದು ಬದಲಾಗುತ್ತೆ. ಪರೀಕ್ಷೆಗೆ ಕೂತವರು "ಕೇಳ್ತು, ಕೇಳಲಿಲ್ಲ" ಅಂತ ಏನೂ ಹೇಳಬೇಕಿಲ್ಲ. ಮಾತು ಬಾರದ ಕಂದನಿಗೂ ಮಾಡಬಹುದು. ಕಿವಿ ಪರೀಕ್ಷೆ ಅಂದ್ರೆ ನಮ್ಮ ಕಡೆಯವರಿಗೆ ಮೊದಲು ನೆನಪಾಗೋದು ಮೈಸೂರಿನ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. ಅಂಥ ಕಡೆಗಳಲ್ಲಿ ಇದು ದಿನನಿತ್ಯದ ಪರೀಕ್ಷೆ.

ಇನ್ನೊಂದು ಸಂಗತಿ ಓದಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಹುಟ್ಟಿನಿಂದ ಕಿವಿ ಕೇಳದ ಮಗುವಿಗೆ ಕಾಕ್ಲಿಯರ್ ಇಂಪ್ಲಾಂಟ್ ಹಾಕುವ ಆಪರೇಷನ್ ನಡೀವಾಗ, ಯಂತ್ರದಿಂದ ವಿದ್ಯುತ್ ಮಿಡಿತ ಕೊಟ್ಟು ಸರ್ಜನ್ ಮೈಕ್ರೋಸ್ಕೋಪಿನಲ್ಲಿ ಸ್ಟೇಪಿಡಿಯಸ್ಸನ್ನು ನೋಡ್ತಾರೆ. ಅದು ತಟಕ್ಕನೆ ಎಳೆದರೆ ಸದ್ದು ಮಿದುಳುಕಾಂಡಕ್ಕೆ ತಲುಪಿತು ಅಂತ ಲೆಕ್ಕ. ಮಗುವಿಗೆ ಅರಿವಳಿಕೆ. ಅದು ಎದ್ದು ಮೊದಲ ಸದ್ದಿಗೆ ಕಣ್ಣರಳಿಸೋದು ಇನ್ನೂ ವಾರಗಳ ಮಾತು. ಅಷ್ಟರಲ್ಲಾಗಲೇ ಆ ಪುಟ್ಟ ಸ್ನಾಯು ಓಗೊಟ್ಟಾಗಿದೆ.

ಇಷ್ಟೆಲ್ಲ ಹೊಗಳಿದ ಮೇಲೆ ಇವನ ಕೈಲಾಗದ್ದನ್ನೂ ಹೇಳಬೇಕು. ಈ ಲೇಖನವನ್ನು ನೀವು ಓದ್ತಿರೋದು ಫೋನಿನಲ್ಲಿ, ಕಿವಿಯಲ್ಲಿ ಬಹುಶಃ ಇಯರ್‌ಬಡ್ ಇದೆ.

ಒಂದು, ಇವನು ನಿಧಾನಿ. ಸದ್ದು ಕಿವಿಗೆ ಬಿದ್ದು, ಸುದ್ದಿ ಮಿದುಳುಕಾಂಡಕ್ಕೆ ಹೋಗಿ, ಆಜ್ಞೆ ಬಂದು, ಸ್ನಾಯು ಪೂರ್ತಿ ಬಿಗಿಯಾಗೋಕೆ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು ಬೇಕು. ಗುಡುಗಿಗೆ ಇದು ಸಾಕು, ಯಾಕಂದ್ರೆ ಗುಡುಗು ಉರುಳಿಕೊಂಡು ಬರುತ್ತೆ. ಪಟಾಕಿಗೆ ಸಾಲದು. ಲಕ್ಷ್ಮಿ ಪಟಾಕಿ ಢಂ ಅಂದಾಗ ಪೆಟ್ಟು ಒಳಗಿವಿಗೆ ತಲುಪಿ ಮುಗಿದ ಮೇಲೆ ಕಾವಲುಗಾರ ಕೋಲು ಹಿಡ್ಕೊಂಡು ಬರ್ತಾನೆ. ನಮ್ಮ ದೇಶದ ನಿಯಮದಲ್ಲಿ ಪಟಾಕಿಯ ಮಿತಿ 4 ಮೀಟರ್ ದೂರದಲ್ಲಿ 125 ಡೆಸಿಬಲ್. ಹಚ್ಚೋ ಹುಡುಗ ನಿಂತಿರೋದು ನಾಲ್ಕು ಮೀಟರ್ ದೂರದಲ್ಲಲ್ಲ. ದೀಪಾವಳಿಯಲ್ಲಿ ಮಕ್ಕಳ ಕಿವಿಗೆ ಹತ್ತಿ ಇಟ್ಟರೆ ಸಾಲದು, ಇಯರ್‌ಪ್ಲಗ್ ಬೇಕು. ಅದಕ್ಕಿಂತ ದೂರ ನಿಲ್ಲಿಸೋದು ಒಳ್ಳೇದು.

ಎರಡು, ಇವನಿಗೆ ಸುಸ್ತಾಗುತ್ತೆ. ಕೀರಲು ಸದ್ದು ಒಂದೇ ಸಮ ಮುಂದುವರಿದರೆ ಕೆಲವೇ ಸೆಕೆಂಡುಗಳಲ್ಲಿ ಹಿಡಿತ ಸಡಿಲಾಗ್ತಾ ಹೋಗುತ್ತೆ. ಅಲ್ಲದೆ ಮೇಲಿನ ಸ್ಥಾಯಿಯ ಸದ್ದನ್ನು ಇವನು ಮೊದಲೇ ಅಷ್ಟಾಗಿ ತಡೆಯಲ್ಲ. ಸತತ ಶಬ್ದದಿಂದ ಕಿವಿ ಮೊದಲು ಕೆಡೋದು ಆ ಸ್ಥಾಯಿಯಲ್ಲೇ. ಕಾರ್ಖಾನೆಯಲ್ಲಿ ಎಂಟು ಗಂಟೆ, ಬಸ್ಸಿನಲ್ಲಿ ಎರಡು ಗಂಟೆ ಫುಲ್ ವಾಲ್ಯೂಮ್, ಇಂಥದ್ದಕ್ಕೆ ಇವನನ್ನು ನಂಬ್ಕೊಂಡು ಕೂರೋ ಹಾಗಿಲ್ಲ. ಲಕ್ಷಾಂತರ ವರ್ಷ ಕಾಡಿನಲ್ಲಿ ಕೆಲಸ ಕಲಿತವನು. ಕಾಡಿನಲ್ಲಿ ಯಾವ ಪ್ರಾಣಿಯೂ ಎಂಟು ಗಂಟೆ ಎಡೆಬಿಡದೆ ಕೂಗಲ್ಲ.

ವಿಶ್ವ ಆರೋಗ್ಯ ಸಂಸ್ಥೆ ಕೊಡೋ ಲೆಕ್ಕ ಹೀಗಿದೆ: ದೊಡ್ಡವರು 80 ಡೆಸಿಬಲ್‌ನಲ್ಲಿ ವಾರಕ್ಕೆ 40 ಗಂಟೆ ಕೇಳಬಹುದು. 90 ಡೆಸಿಬಲ್‌ಗೆ ಏರಿಸಿದರೆ ವಾರಕ್ಕೆ 4 ಗಂಟೆ ಮಾತ್ರ. ಹತ್ತು ಡೆಸಿಬಲ್ ಅಂದ್ರೆ ಸ್ಲೈಡರಿನಲ್ಲಿ ಬೆರಳು ಸ್ವಲ್ಪ ಜಾರಿದಷ್ಟೇ, ಗಂಟೆ ಹತ್ತರಲ್ಲಿ ಒಂದು ಪಾಲಾಯ್ತು. ಈಗಿನ ಫೋನುಗಳೇ ಹೆಡ್‌ಫೋನಿನ ಮಟ್ಟ ತೋರಿಸ್ತವೆ, ಸೆಟ್ಟಿಂಗ್ಸಿನಲ್ಲಿ ಹುಡುಕಿ ನೋಡಿ. ನನ್ನದು ಮೆಟ್ರೋದಲ್ಲಿ ಎಷ್ಟಿರುತ್ತೆ ಅಂತ ನೋಡಿದ ಮೇಲೆ ನಾನು ಹೊರಗಿನ ಗದ್ದಲ ತಡೆಯೋ ಹೆಡ್‌ಫೋನ್ ಕೊಂಡೆ. ಶೋಕಿಗಲ್ಲ. ಹೊರಗಿನ ಗಲಾಟೆ ಕಡಿಮೆಯಾದ್ರೆ ವಾಲ್ಯೂಮ್ ತಾನಾಗಿ ಇಳಿಯುತ್ತೆ.

ಇನ್ನು ಹೊರಗಿನ ರಿಟೈರ್ಡ್ ಮಂದಿ.

ಕಿವಿಯ ಹಾಲೆಯನ್ನು ತಲೆಗೆ ಕಟ್ಟಿರೋ ಸ್ನಾಯುಗಳು ಮೂರು: ಒಂದು ಮುಂದೆ, ಒಂದು ಮೇಲೆ, ಒಂದು ಹಿಂದೆ. ಹಾಲೆಯೊಳಗೇ ಇನ್ನಾರು ಚಿಲ್ಲರೆ ಸ್ನಾಯುಗಳಿವೆ. ಬೆಕ್ಕಿನ ಕಿವಿಗೆ ಇಪ್ಪತ್ತಕ್ಕೂ ಹೆಚ್ಚು ಸ್ನಾಯುಗಳಿವೆ, ಅದು ತಲೆ ಅಲ್ಲಾಡಿಸದೆ ಒಂದು ಕಿವಿಯನ್ನು ಅಡುಗೆಮನೆಗೂ ಇನ್ನೊಂದನ್ನು ಹಿತ್ತಲಿಗೂ ತಿರುಗಿಸಬಲ್ಲದು. ಹಸು, ಕುದುರೆ, ನಾಯಿ ಎಲ್ಲ ಇದರಲ್ಲಿ ಪಂಟರು. ನಾವು ಮಾತ್ರ ಕ್ಲಾಸಿನಲ್ಲಿ ಕಿವಿ ಅಲ್ಲಾಡಿಸೋ ಒಬ್ಬ ಹುಡುಗನ ಸುತ್ತ ಗುಂಪುಗೂಡಿ ನೋಡಿದವರು. ಡಾರ್ವಿನ್ 1871ರಲ್ಲಿ ಮನುಷ್ಯನ ಹುಟ್ಟಿನ ಬಗ್ಗೆ ಬರೆದ ಪುಸ್ತಕದಲ್ಲಿ ಈ ಸ್ನಾಯುಗಳನ್ನು ಪೂರ್ವಜರ ಪಳೆಯುಳಿಕೆ ಅಂತಲೇ ಲೆಕ್ಕ ಹಾಕಿದ. ಅಭ್ಯಾಸ ಮಾಡಿದ್ರೆ ನಮ್ಮಲ್ಲಿ ಎಷ್ಟೋ ಜನ ಸ್ವಲ್ಪ ಅಲ್ಲಾಡಿಸೋದನ್ನು ಮತ್ತೆ ಕಲಿಯಬಹುದು ಅನ್ನೋ ಭರವಸೆಯನ್ನೂ ಕೊಟ್ಟ.

ಕನ್ನಡದಲ್ಲಿ ನಾವು 'ಕಿವಿ ನಿಮಿರಿತು', 'ಕಿವಿ ನೆಟ್ಟಗಾಯ್ತು' ಅಂತೀವಿ. ಬೆಕ್ಕು ನಾಯಿ ನೋಡಿ ಹುಟ್ಟಿದ ಮಾತು ಅಂದ್ಕೊಂಡಿದ್ದೆ. ಜರ್ಮನಿಯ ಸಾರ್ಲಾಂಡ್ ವಿಶ್ವವಿದ್ಯಾಲಯದವರು 2020ರಲ್ಲಿ ಪ್ರಕಟಿಸಿದ ಅಧ್ಯಯನ ಓದಿದ ಮೇಲೆ ಸ್ವಲ್ಪ ಅನುಮಾನ ಬಂತು. ಜನರ ಕಿವಿಯ ಸುತ್ತ ಎಲೆಕ್ಟ್ರೋಡ್ ಅಂಟಿಸಿ, ಬೇರೆ ಬೇರೆ ದಿಕ್ಕಿನಿಂದ ಸದ್ದು ಕೇಳಿಸಿದರು. ಸದ್ದು ಬಂದ ಕಡೆಯ ಕಿವಿಯ ಸ್ನಾಯುಗಳು ಹೆಚ್ಚು ಮಿಡಿದವು. ಬೇಕಂತ ಗಮನ ಕೊಟ್ಟರೂ ಅಷ್ಟೆ, ತಟಕ್ಕನೆ ಗಮನ ಹೋದರೂ ಅಷ್ಟೆ.

ಅದೇ ಗುಂಪು 2025ರಲ್ಲಿ ಇನ್ನೊಂದು ಮಾಡಿತು. ಕಿವಿ ಸರಿ ಕೇಳುವ 20 ಮಂದಿಗೆ ಆಡಿಯೋಬುಕ್ ಹಾಕಿ, ಜೊತೆಗೆ ಗಮನ ಕೆಡಿಸೋಕೆ ಪಾಡ್‌ಕಾಸ್ಟ್ ಹಾಕಿದರು. ಅಡ್ಡಿ ಹೆಚ್ಚಾಗಿ ಕೇಳೋದು ಕಷ್ಟವಾದಂತೆ ಕಿವಿಯ ಮೇಲಿನ ಸ್ನಾಯು, ಅಂದ್ರೆ ಹಾಲೆಯನ್ನು ಮೇಲಕ್ಕೆತ್ತೋ ಸ್ನಾಯು, ಹೆಚ್ಚು ಕೆಲಸ ಮಾಡಿತು. ಹಿಂದಿನ ಸ್ನಾಯು ಸದ್ದಿನ ದಿಕ್ಕಿಗೆ ಸ್ಪಂದಿಸಿತು. ಇದರಿಂದ ಕೇಳೋದಕ್ಕೇನೂ ಸಹಾಯವಾಗಲ್ಲ, ಅಲುಗಾಟ ಅಷ್ಟು ಸಣ್ಣದು. ಆದ್ರೂ ನೆಟ್‌ವರ್ಕ್ ಕೈಕೊಟ್ಟ ಕಾಲ್‌ನಲ್ಲಿ ನೀವು ಕ್ಲೈಂಟಿನ ಮಾತು ಹಿಡಿಯೋಕೆ ಒದ್ದಾಡ್ತಿರುವಾಗ, ಕೋಟ್ಯಂತರ ವರ್ಷ ಹಳೆಯ ಒಂದು ಸ್ನಾಯು ಕನ್ನಡಕದ ಕಡ್ಡಿಯ ಪಕ್ಕ ಕೂತು ತನ್ನ ಕೈಲಾದಷ್ಟು ಎಳೀತಿರುತ್ತೆ.

ಈ ಹಿಂದಿನ ಸ್ನಾಯುವನ್ನು ನೀವೇ ಹಿಡಿಯಬಹುದು. ಬಲಗಿವಿಯ ಹಿಂದೆ, ಹಾಲೆ ತಲೆಗೆ ಸೇರೋ ಮಡಿಕೆಯಲ್ಲಿ ಎರಡು ಬೆರಳು ಮೆತ್ತಗೆ ಇಡಿ. ತಲೆ ತಿರುಗಿಸಬೇಡಿ. ಕಣ್ಣನ್ನು ಮಾತ್ರ ಒಂದು ಪಕ್ಕಕ್ಕೆ, ಆದಷ್ಟೂ ತುದಿಗೆ, ಹೊರಳಿಸಿ. ಆಮೇಲೆ ಇನ್ನೊಂದು ಪಕ್ಕಕ್ಕೆ. ಕೆಲವರಿಗೆ ಬೆರಳ ಕೆಳಗೆ ಒಂದು ಸಣ್ಣ ಎಳೆತ ಸಿಗುತ್ತೆ, ಕೆಲವರ ಹಾಲೆಯ ಅಂಚು ಕಣ್ಣಿಗೆ ಕಾಣೋ ಹಾಗೆ ಮಿಸುಕುತ್ತೆ. ಪಕ್ಕದಲ್ಲಿ ಯಾರನ್ನಾದ್ರೂ ಕೂರಿಸ್ಕೊಂಡು ಮಾಡಿ. ಆಫೀಸಿನಲ್ಲಿ ಬೇಡ, ಕಣ್ಣು ಹೊರಳಿಸೋದನ್ನು ಮ್ಯಾನೇಜರ್ ಬೇರೆ ಥರ ತಿಳ್ಕೋತಾರೆ. ಅಮ್ಮನ ಎಡಗಿವಿ ಈಗ ಚೆನ್ನಾಗಿಯೇ ಮಿಸುಕುತ್ತೆ, ನನ್ನದು ಏನು ಮಾಡಿದ್ರೂ ಇಲ್ಲ.